ನ್ಯಾನೋ ಸಿಲ್ವರ್ ಅಂದ್ರೆ ಏನು? ಬ್ಯಾಕ್ಟೀರಿಯಾ ಹೇಗೆ ಸಾಯುತ್ತೆ? ಇಲ್ಲಿದೆ ಮಾಹಿತಿ

ವಾಟರ್ ಫಿಲ್ಟರ್, ಸಾಕ್ಸ್, ಗಾಯಕ್ಕೆ ಹಾಕುವ ಬ್ಯಾಂಡೇಜ್ ಪ್ಯಾಕೆಟ್‌ಗಳ ಮೇಲೆ 'ನ್ಯಾನೋ ಸಿಲ್ವರ್' ಅನ್ನೋ ಹೆಸರು ಕಾಣಿಸುತ್ತೆ. ಗಿರಾಕಿ ಕೇಳಿದರೆ 'ಬ್ಯಾಕ್ಟೀರಿಯಾ ಸಾಯುತ್ತೆ' ಅನ್ನೋ ಉತ್ತರವೂ ಸಿಗುತ್ತೆ. ಆದರೆ ಹೇಗೆ ಸಾಯುತ್ತೆ? ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು?

ಎಷ್ಟು ಸಣ್ಣದು?

ಒಂದು ಮಿಲಿಮೀಟರ್ ಅನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ 1 ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಅಳತೆಯ ಕಣಗಳೇ ನ್ಯಾನೋ ಕಣಗಳು. ಸಾಮಾನ್ಯ ಬ್ಯಾಕ್ಟೀರಿಯಾ ಸುಮಾರು 1,000 ನ್ಯಾನೋಮೀಟರ್ ಇರುತ್ತೆ.

ಪುಡಿ ಆದಷ್ಟೂ ಹೊರಮೈ ಹೆಚ್ಚುತ್ತೆ. 1 ಸೆಂ.ಮೀ. ಬೆಳ್ಳಿ ಘನದ ಹೊರಮೈ 6 ಚದರ ಸೆಂ.ಮೀ. ಮಾತ್ರ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್, ಅಂದರೆ ಐದು 30x40 ಸೈಟಿಗಿಂತ ಜಾಸ್ತಿ! ಹಾಗಾಗಿ ಚೂರು ಬೆಳ್ಳಿಯೇ ಸಾಕಾಗುತ್ತೆ.

ಕೊಲ್ಲೋದು ಹೇಗೆ?

* ನೀರು, ಆಮ್ಲಜನಕ ತಾಗಿದಾಗ ಕಣದಿಂದ ಬೆಳ್ಳಿ ಅಯಾನುಗಳು ನಿಧಾನವಾಗಿ ಬಿಡುಗಡೆಯಾಗುತ್ತವೆ. ಮುಖ್ಯ ಕೆಲಸ ಇವುಗಳದ್ದೇ.
* ಇವು ಬ್ಯಾಕ್ಟೀರಿಯಾದ ಪ್ರೋಟೀನ್‌ಗಳಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತವೆ. ಆಗ ಅದರ ಉಸಿರಾಟದ ಕೆಲಸ ಕೆಡುತ್ತೆ.
* ಹೊರಪೊರೆಗೆ ಪೆಟ್ಟು ಬಿದ್ದು ಒಳಗಿನ ಅಂಶ ಸೋರುತ್ತೆ.
* ಒಳಗೆ ಚುರುಕಾದ ಆಮ್ಲಜನಕದ ರೂಪಗಳು ಹುಟ್ಟಿ ಡಿಎನ್ಎ ಹಾಳು ಮಾಡುತ್ತವೆ.

ಪ್ರಮಾಣ ಕಡಿಮೆ ಇದ್ದರೆ ಬ್ಯಾಕ್ಟೀರಿಯಾ ಸಾಯಲ್ಲ, ಬೆಳವಣಿಗೆ ಮಾತ್ರ ತಗ್ಗುತ್ತೆ.

ಫಿಲ್ಟರ್ ಕೊಳ್ಳುವವರ ಗಮನಕ್ಕೆ

2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರ್‌ನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿ ನ್ಯಾನೋ ಕಣ ಸೇರಿಸಲಾಗಿತ್ತು. ಕರೆಂಟ್ ಬೇಕಿರಲಿಲ್ಲ. ಆದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಆಗಲಿ, ಉಪ್ಪಿನಂಶ ಆಗಲಿ ಬೆಳ್ಳಿಯಿಂದ ಹೋಗಲ್ಲ. 'ನ್ಯಾನೋ' ಅಂತ ಬರೆದಿದೆ ಎಂದು ಫ್ಲೋರೈಡ್ ನೀರನ್ನು ನಂಬಿ ಕುಡಿದರೆ ಹಲ್ಲು, ಮೂಳೆಗೆ ಅಪಾಯ ತಪ್ಪಲ್ಲ. ಕಾರ್ಟ್ರಿಡ್ಜ್ ಅವಧಿ ಮುಗಿದ ಮೇಲೆ ಬದಲಿಸಲೇಬೇಕು.

ಸಾಕ್ಸ್ ವಿಷಯಕ್ಕೆ ಬಂದರೆ, ಒಗೆದಾಗ ಬೆಳ್ಳಿ ನೀರಿಗೆ ಹೋಗುತ್ತೆ ಎಂದು 2008ರಲ್ಲಿ ಅಮೆರಿಕದ ಅರಿಝೋನಾ ಸ್ಟೇಟ್ ಯೂನಿವರ್ಸಿಟಿ ಸಂಶೋಧಕರು ತೋರಿಸಿದ್ದಾರೆ. ಕೆಲವು ಬ್ರ್ಯಾಂಡ್‌ಗಳಲ್ಲಿ ನಾಲ್ಕೇ ಒಗೆತಕ್ಕೆ ಬಹುತೇಕ ಖಾಲಿ.

ಬೆಳ್ಳಿ ನೀರು ಕುಡಿಯಬಹುದಾ?

ಬೇಡ. ಔಷಧಿ ಅಂತ ಮಾರುವ ಬೆಳ್ಳಿ ದ್ರಾವಣ ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಎಂದು ಅಮೆರಿಕದ ಎಫ್‌ಡಿಎ 1999ರಲ್ಲೇ ಹೇಳಿದೆ. ತುಂಬಾ ದಿನ ಕುಡಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗಲ್ಲ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 0.1 ಮಿಲಿಗ್ರಾಂವರೆಗೆ ಬೆಳ್ಳಿ ಇದ್ದರೆ ತೊಂದರೆ ಇಲ್ಲ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ ಇವೆ. 1975ರಲ್ಲಿ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯ ವಾರ್ಡಿನಲ್ಲಿ ಅಂಥ ಸಾಲ್ಮೊನೆಲ್ಲಾ ಪತ್ತೆಯಾಗಿತ್ತು. ಬೇಕಿಲ್ಲದ ವಸ್ತುಗಳಿಗೆಲ್ಲಾ ಬೆಳ್ಳಿ ಬಳಿದರೆ, ಗಾಯಕ್ಕೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೇ ಹೋಗಬಹುದು.