ಗುಳ್ಳೆ ಹೊತ್ತ ಅದಿರು



ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಹಾದಿಯಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆ ಸಿಗುತ್ತದೆ. ಅಲ್ಲಿಂದ ಸರಗೂರಿನ ಕಡೆಗೆ ಹೊರಟರೆ ನಾಡಿನ ಅತಿ ಹಳೆಯ ಶಿಲೆಗಳ ಸೀಮೆ ಸೇರುತ್ತೇವೆ. ಭೂವಿಜ್ಞಾನಿಗಳು ಈ ಶಿಲೆಗಳಿಗೆ ಊರಿನ ಹೆಸರನ್ನೇ ಕೊಟ್ಟು ‘ಸರಗೂರು ಗುಂಪು’ ಎಂದು ಕರೆದಿದ್ದಾರೆ. ಇವುಗಳ ವಯಸ್ಸು 300 ಕೋಟಿ ವರ್ಷಗಳಿಗೂ ಹೆಚ್ಚು. ಇವುಗಳ ಕೆಲವು ಪದರಗಳಲ್ಲಿ ಕಪ್ಪಗೆ ಮಿನುಗುವ ಗ್ರಾಫೈಟ್ ಕಾಣುತ್ತದೆ. ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿ ಇರುವುದೂ ಅದೇ.

ಆ ಕಡ್ಡಿಯನ್ನು ನುಣ್ಣಗೆ ಹೆರೆದು ಪುಡಿಯನ್ನು ನೀರಿನ ಮೇಲೆ ಉದುರಿಸಿ ನೋಡಿ. ಗ್ರಾಫೈಟ್ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಆದರೂ ಪುಡಿ ತೇಲುತ್ತದೆ. ಅಷ್ಟೇ ನುಣುಪಾದ ಮರಳು ಮುಳುಗುತ್ತದೆ. ಏಕೆ? ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಹರಡದೆ ಮಣಿಯಂತೆ ಉರುಳುವುದನ್ನು ನೀವು ನೋಡಿದ್ದೀರಿ. ಗ್ರಾಫೈಟಿನ ಮೈಯೂ ಹಾಗೆಯೇ, ನೀರನ್ನು ಒಲ್ಲದು. ಮರಳಿನ ಮೈಗೆ ನೀರು ಪ್ರಿಯ. ಗಣಿ ಉದ್ಯಮದ ಚರಿತ್ರೆಯನ್ನೇ ಬದಲಿಸಿದ್ದು ಈ ಸಣ್ಣ ವ್ಯತ್ಯಾಸ.

ಅದಿರಿನಿಂದ ಕಲ್ಲನ್ನು ಬೇರ್ಪಡಿಸಲು ಮನುಷ್ಯ ಸಾವಿರಾರು ವರ್ಷ ನಂಬಿದ್ದು ತೂಕವನ್ನು. ಕಣದಲ್ಲಿ ರಾಗಿ ತೂರಿದಾಗ ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಅಕ್ಕಿ ಗಾಳಿಸಿದಾಗ ಕಲ್ಲು ತಳದಲ್ಲಿ ನಿಲ್ಲುತ್ತದೆ. ಗಣಿಯವರು ಮಾಡುತ್ತಿದ್ದುದೂ ಇದನ್ನೇ. ಆದರೆ ಖನಿಜದ ಕಣಗಳು ತೀರಾ ಸಣ್ಣವಾದರೆ ಅವು ನೀರಿನೊಡನೆ ಕೊಚ್ಚಿಹೋಗುತ್ತವೆ. ಖನಿಜಕ್ಕೂ ಕಲ್ಲಿಗೂ ತೂಕ ಸರಿಸಮವಾದರಂತೂ ಈ ಉಪಾಯ ನಡೆಯುವುದೇ ಇಲ್ಲ.

ಹೊಸ ದಾರಿ ಮೊದಲು ಕಂಡದ್ದು ಗ್ರಾಫೈಟಿನಲ್ಲೇ. 1877ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಬೆಸೆಲ್ ಸಹೋದರರು ಗ್ರಾಫೈಟ್ ಪುಡಿಗೆ ತುಸು ಎಣ್ಣೆ ಬೆರೆಸಿ ನೀರಿನಲ್ಲಿ ಕುದಿಸಿದರು. ಕುದಿಯುವಾಗ ಎದ್ದ ಗುಳ್ಳೆಗಳು ಗ್ರಾಫೈಟನ್ನು ಮೇಲಕ್ಕೆ ಹೊತ್ತು ತಂದವು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆದರು. 1886ರಲ್ಲಿ ಅಮೆರಿಕದ ಕ್ಯಾರಿ ಎವರ್ಸನ್ ಎಂಬ ಮಹಿಳೆ ಎಣ್ಣೆ ಮತ್ತು ಆಮ್ಲಗಳಿಂದ ಲೋಹದ ಅದಿರನ್ನು ಬೇರ್ಪಡಿಸುವ ಪೇಟೆಂಟ್ ಪಡೆದರು. ಎಣ್ಣೆಯಾದ ಅದಿರಿನ ಚೀಲ ಒಗೆಯುವಾಗ ಆಕೆಗೆ ಇದು ಅಕಸ್ಮಾತ್ತಾಗಿ ಹೊಳೆಯಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅದು ಕಟ್ಟುಕಥೆ. ಆಕೆ ರಸಾಯನವಿಜ್ಞಾನ ಓದಿಕೊಂಡು ಪ್ರಯೋಗ ನಡೆಸಿದವರು.

ಇದಕ್ಕೆ ಗಣಿ ಉದ್ಯಮದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು ಆಸ್ಟ್ರೇಲಿಯದ ಬ್ರೋಕನ್ ಹಿಲ್‌ನಲ್ಲಿ. ಅಲ್ಲಿ ಸತುವಿನ ಅದಿರೂ ಜೊತೆಗಿದ್ದ ಕಲ್ಲೂ ಬಹುಮಟ್ಟಿಗೆ ಒಂದೇ ತೂಕದವು. ಸತುವು ತುಂಬಿದ ಲಕ್ಷಾಂತರ ಟನ್ ಪುಡಿ ತ್ಯಾಜ್ಯವಾಗಿ ಗುಡ್ಡೆ ಬಿದ್ದಿತ್ತು. 20ನೆಯ ಶತಮಾನದ ಆರಂಭದಲ್ಲಿ ಮೆಲ್ಬರ್ನ್‌ನ ಬಿಯರ್ ತಯಾರಕ ಪಾಟರ್ ಮತ್ತು ಗಣಿ ಕಂಪನಿಯ ಮುಖ್ಯಸ್ಥ ಡೆಲ್‌ಪ್ರಾಟ್ ಇಬ್ಬರೂ ಬಿಸಿ ಆಮ್ಲದಿಂದ ಗುಳ್ಳೆ ಎಬ್ಬಿಸಿ ಆ ತ್ಯಾಜ್ಯದಿಂದ ಸತುವಿನ ಖನಿಜವನ್ನು ತೇಲಿಸಿದರು. ಬೇಡವೆಂದು ಎಸೆದ ಗುಡ್ಡೆಯೇ ಗಣಿಯಾಯಿತು!

ಕಣ ಗುಳ್ಳೆಗೆ ಅಂಟುವ ಬಗೆಯನ್ನು ಈಗ ನೋಡೋಣ. ಮೊದಲು ಕಣವೂ ಗುಳ್ಳೆಯೂ ಡಿಕ್ಕಿ ಹೊಡೆಯಬೇಕು. ಕಣ ತೀರಾ ಸಣ್ಣದಾದರೆ ಹರಿಯುವ ನೀರಿನೊಡನೆ ಗುಳ್ಳೆಯನ್ನು ಬಳಸಿಕೊಂಡು ಜಾರಿಹೋಗುತ್ತದೆ. ಡಿಕ್ಕಿ ಹೊಡೆದ ಮಾತ್ರಕ್ಕೂ ಅಂಟಿತೆಂದಲ್ಲ. ಎರಡರ ನಡುವೆ ನೀರಿನ ತೆಳುವಾದ ಪೊರೆ ಉಳಿದಿರುತ್ತದೆ. ನೀರನ್ನು ಒಲ್ಲದ ಕಣವಾದರೆ ಆ ಪೊರೆ ತೆಳುವಾಗುತ್ತ ಸೆಕೆಂಡಿನ ಸಣ್ಣ ಭಾಗದಲ್ಲಿ ಹರಿದು, ಗಾಳಿ ನೇರವಾಗಿ ಕಣದ ಮೈ ಮುಟ್ಟುತ್ತದೆ. ಆಗ ಹಿಡಿತ ಬಿಗಿಯಾಗುತ್ತದೆ. ನೀರನ್ನು ಪ್ರೀತಿಸುವ ಮರಳಿನ ಕಣ ಆ ಪೊರೆಯನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಗುಳ್ಳೆ ಅದನ್ನು ಬಿಟ್ಟು ಮೇಲೇರುತ್ತದೆ. ಕೊನೆಯದಾಗಿ, ಕಣ ದಪ್ಪವಾದರೆ ಕಲಕಾಟಕ್ಕೆ ಕಳಚಿ ಬೀಳುತ್ತದೆ. ಆದ್ದರಿಂದಲೇ ಅದಿರನ್ನು ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಅರೆಯುತ್ತಾರೆ.

ಎಲ್ಲ ಖನಿಜಗಳೂ ಗ್ರಾಫೈಟಿನಷ್ಟು ನೀರನ್ನು ದೂರವಿಡುವುದಿಲ್ಲ. ಅವುಗಳಿಗೆ ಹೊಸ ಮೈ ಕೊಡಬೇಕು. 1925ರಲ್ಲಿ ಅಮೆರಿಕದ ಕೆಲ್ಲರ್ ಪೇಟೆಂಟ್ ಪಡೆದ ಜಾಂಥೇಟ್ ಇದಕ್ಕೆ ಹೆಸರಾಯಿತು. ಅದರ ಅಣುವಿನಲ್ಲಿ ಗಂಧಕವಿರುವ ತುದಿ ಖನಿಜವನ್ನು ಹಿಡಿಯುತ್ತದೆ, ಎಣ್ಣೆಯ ಗುಣದ ಬಾಲ ಹೊರಕ್ಕೆ ಚಾಚುತ್ತದೆ. ನೊರೆ ಬೇಗ ಒಡೆಯದಂತೆ ಪೈನ್ ಎಣ್ಣೆಯಂತಹ ವಸ್ತು ಬೆರೆಸುತ್ತಾರೆ. ಕಬ್ಬಿಣದ ಪೈರೈಟ್ ತೇಲಬಾರದೆಂದರೆ ಸುಣ್ಣ ಹಾಕುತ್ತಾರೆ.

ಕರ್ನಾಟಕದಲ್ಲಿ ಈ ವಿದ್ಯೆ ದುಡಿದ ಜಾಗ ಚಿತ್ರದುರ್ಗದ ಸಮೀಪದ ಇಂಗಳದಾಳ್. ಅಲ್ಲಿಯ ತಾಮ್ರದ ಅದಿರು ಚಾಲ್ಕೊಪೈರೈಟ್, ಅಂದರೆ ತಾಮ್ರ, ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತ. ಪ್ರಾಚೀನ ಕಾಲದವರೂ ಅಲ್ಲಿ ತಾಮ್ರಕ್ಕಾಗಿ ಅಗೆದ ಗುರುತುಗಳಿವೆ. ಮುಂದೆ ಚಿತ್ರದುರ್ಗ ತಾಮ್ರ ಕಂಪನಿ ಅಲ್ಲಿ ಅದಿರನ್ನು ಅರೆದು ನೊರೆಯಲ್ಲಿ ತೇಲಿಸಿತು. ಆ ಬಳಿಕ ಆ ಘಟಕ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಬಂತು. ಈಗ ಅಲ್ಲಿ ತಾಮ್ರದ ಗಣಿಗಾರಿಕೆ ನಿಂತಿದೆ.

ಕುದುರೆಮುಖದಲ್ಲಿ ಇದೇ ಉಪಾಯವನ್ನು ತಿರುಗುಮುರುಗಾಗಿ ಬಳಸಿದರು. ಕಾಂತದಿಂದ ಕಬ್ಬಿಣದ ಅದಿರನ್ನು ಬೇರ್ಪಡಿಸಿದ ಮೇಲೂ ಉಳಿಯುವ ಮರಳಿನಂಶವನ್ನೇ ನೊರೆಯಲ್ಲಿ ತೇಲಿಸಿ, ಕಬ್ಬಿಣವನ್ನು ಕೆಳಗೆ ಉಳಿಸಿದರು. ಅಲ್ಲಿಯ ಉಳಿಕೆ ಕೆಸರಿಗಾಗಿ ಲಖ್ಯಾ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಬೇಕಾಯಿತು. ಭದ್ರಾ ನದಿಯನ್ನೂ ಕಾಡನ್ನೂ ಉಳಿಸಬೇಕೆಂಬ ಹೋರಾಟ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಒಂದು ಲೆಕ್ಕ ಹಾಕಿ. ಶೇಕಡಾ 1ರಷ್ಟು ತಾಮ್ರವಿರುವ 100 ಟನ್ ಅದಿರನ್ನು ಶೇಕಡಾ 25ರ ಸಾರಕ್ಕೆ ತಂದರೆ ಕೈಗೆ ಬರುವುದು ಹೆಚ್ಚೆಂದರೆ 4 ಟನ್. ಉಳಿದ 96 ಟನ್ ಕೆಸರು ಎಲ್ಲಿಗೆ? ಗುಳ್ಳೆಯ ಉಪಕಾರದಿಂದ ಬಡ ಅದಿರೂ ಬೆಲೆಬಾಳುವಂತಾಯಿತು, ಅದರಿಂದಲೇ ಕೆಸರಿನ ಗುಡ್ಡೆಯೂ ಬೆಳೆಯಿತು. ತಂತಿಗೆ ತಾಮ್ರ, ಬ್ಯಾಟರಿಗೆ ಗ್ರಾಫೈಟ್ ನಮಗೆ ಬೇಕೇ ಬೇಕು. ಅಂಟದೆ ಕೆಳಗುಳಿದದ್ದನ್ನು ಊರಿಗೂ ಹೊಳೆಗೂ ಕೇಡಾಗದಂತೆ ಎಲ್ಲಿಡುವುದು, ಯಾವುದಕ್ಕೆ ಬಳಸುವುದು? ಬ್ರೋಕನ್ ಹಿಲ್‌ನವರು ತ್ಯಾಜ್ಯದ ಗುಡ್ಡೆಯನ್ನು ಎರಡನೆಯ ಬಾರಿ ನೋಡಿದ್ದರು. ನಮ್ಮ ಗುಡ್ಡೆಗಳನ್ನೂ ಹಾಗೆ ನೋಡುವ ಕೆಲಸ ನಿಮ್ಮ ತಲೆಮಾರಿಗೆ ಕಾದಿದೆ.