ತಿದ್ದಿದಾಗಷ್ಟೇ ಬೇರೆಯಾಗುವ ನಕಲು

ಈಗಿನ ಮ್ಯಾಕ್ ಕಂಪ್ಯೂಟರಿನಲ್ಲಿ ಹಲವು ಜಿಬಿ ಗಾತ್ರದ ವಿಡಿಯೊ ಫೈಲನ್ನು ಅದೇ ಡಿಸ್ಕಿನೊಳಗೆ ನಕಲು ಮಾಡಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಲಸ ಮುಗಿದಿರುತ್ತದೆ. ಖಾಲಿ ಜಾಗವೂ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಎರಡು ಫೈಲುಗಳೂ ಡಿಸ್ಕಿನ ಅವೇ ಬ್ಲಾಕುಗಳನ್ನು ಹಂಚಿಕೊಂಡಿರುವುದೇ ಇದಕ್ಕೆ ಕಾರಣ. ಒಂದನ್ನು ತಿದ್ದಿದರೆ, ತಿದ್ದಿದ ಭಾಗವಷ್ಟೇ ಹೊಸ ಬ್ಲಾಕಿಗೆ ಹೋಗುತ್ತದೆ. ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಇದೇ ಕಾಪಿ-ಆನ್-ರೈಟ್.

ಈ ಉಪಾಯ ಮೊದಲು ಬಳಕೆಗೆ ಬಂದದ್ದು ಡಿಸ್ಕಿನಲ್ಲಲ್ಲ, ಮೆಮೊರಿಯಲ್ಲಿ. 1970ರ ಆಸುಪಾಸಿನಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆ ಪಿಡಿಪಿ-10 ಯಂತ್ರಕ್ಕಾಗಿ ರೂಪಿಸಿದ ಟೆನೆಕ್ಸ್ ಕಾರ್ಯಾಚರಣೆ ವ್ಯವಸ್ಥೆ ಮೆಮೊರಿ ಪುಟಗಳನ್ನು ಹೀಗೆ ಹಂಚುತ್ತಿತ್ತು. 1980ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮ್ಯಾಕ್ (Mach) ಕರ್ನೆಲ್ ಇದನ್ನು ವ್ಯಾಪಕವಾಗಿ ಬಳಸಿತು.

ಡಿಸ್ಕಿಗೆ ಇದು ಇಳಿದಾಗ ಹಂಚಿಕೆಯ ಘಟಕ ಒಂದು ಫೈಲಾಗಿರಲಿಲ್ಲ, ಇಡೀ ವಾಲ್ಯೂಮ್ ಆಗಿತ್ತು. ನೆಟ್‌ಆ್ಯಪ್‌ನ ಡೇವ್ ಹಿಟ್ಜ್ ಮತ್ತು ಸಂಗಡಿಗರು 1994ರಲ್ಲಿ ವಿವರಿಸಿದ ವಾಫಲ್ ಫೈಲ್ ವ್ಯವಸ್ಥೆ, ಇದ್ದ ಬ್ಲಾಕಿನ ಮೇಲೆ ಬರೆಯದೆ ಹೊಸ ಜಾಗದಲ್ಲೇ ಬರೆಯುತ್ತಿತ್ತು. ಹಳೆಯ ಬ್ಲಾಕುಗಳು ಉಳಿದೇ ಇರುವುದರಿಂದ, ಮರದಂತೆ ಹೆಣೆದ ರಚನೆಯ ಬೇರನ್ನಷ್ಟೇ ನಕಲಿಸಿದರೆ ಆ ಕ್ಷಣದ ಸ್ನ್ಯಾಪ್‌ಶಾಟ್ ಸಿದ್ಧ. 2005ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಹೊರತಂದ ಝಡ್‌ಎಫ್‌ಎಸ್ ಇದಕ್ಕೆ ಚೆಕ್‌ಸಮ್‌ಗಳನ್ನೂ ಬರೆಯಬಹುದಾದ ಕ್ಲೋನ್‌ಗಳನ್ನೂ ಸೇರಿಸಿತು.

ಬಿಡಿ ಫೈಲುಗಳ ಕ್ಲೋನ್ ತಡವಾಗಿದ್ದು ಲೆಕ್ಕದ ತೊಡಕಿನಿಂದ. ಸ್ನ್ಯಾಪ್‌ಶಾಟ್‌ಗಳು ಕಾಲಾನುಕ್ರಮದಲ್ಲಿರುತ್ತವೆ, ಬ್ಲಾಕು ಹುಟ್ಟಿದ ಹೊತ್ತು ನೋಡಿ ಅದು ಇನ್ನೂ ಬೇಕೇ ಎಂದು ತೀರ್ಮಾನಿಸಬಹುದು. ಯಾವ ಫೈಲು ಯಾವುದರ ಜತೆಗಾದರೂ ಹಂಚಿಕೊಳ್ಳಬಹುದಾದರೆ ಅದು ಸಾಲದು. ಪಹಣಿಯಲ್ಲಿ ಎಷ್ಟು ಹೆಸರಿವೆ ಎಂದು ನೋಡದೆ ಜಂಟಿ ಜಮೀನನ್ನು ಮಾರಲಾಗದಂತೆ, ಬ್ಲಾಕಿಗೆ ಎಷ್ಟು ಹಕ್ಕುದಾರರು ಎಂದು ತಿಳಿಯದೆ ಅದನ್ನು ಖಾಲಿ ಮಾಡಲಾಗದು. ಈ ಎಣಿಕೆಯನ್ನು ಬಿ-ಟ್ರೀಗಳಲ್ಲಿ ಅಗ್ಗವಾಗಿ ಇಡುವ ದಾರಿಯನ್ನು 2007ರಲ್ಲಿ ಐಬಿಎಂನ ಒಹಾದ್ ರೊಡೆ ತೋರಿಸಿದರು. ಅದೇ ತಳಹದಿಯ ಮೇಲೆ ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ ಬಿಟಿಆರ್‌ಎಫ್‌ಎಸ್ ಕಟ್ಟಿದರು. 2009ರಲ್ಲಿ ಅದು ಲಿನಕ್ಸ್ ಕರ್ನೆಲ್ ಸೇರಿತು. ಅದೇ ವರ್ಷ ಫೈಲು ನಕಲಿಸುವ ಗ್ನೂ ‘ಸಿಪಿ’ ಆದೇಶಕ್ಕೆ, ಹೀಗೆ ಕ್ಲೋನ್ ಮಾಡುವ ‘ರಿಫ್‌ಲಿಂಕ್’ ಆಯ್ಕೆ ಬಂತು.

ಮುಂದಿನ ತಿರುವು ಎಕ್ಸ್‌ಎಫ್‌ಎಸ್‌ನದು. ಇದ್ದಲ್ಲೇ ಬರೆಯುವ ಈ ಹಳೆಯ ವ್ಯವಸ್ಥೆಗೆ 2016ರಲ್ಲಿ ರಿಫ್‌ಲಿಂಕ್ ಸೇರಿತು: ಹಂಚಿಕೊಂಡ ಬ್ಲಾಕಿಗೆ ಮಾತ್ರ ಹೊಸ ಜಾಗ, ಉಳಿದದ್ದು ಹಿಂದಿನಂತೆಯೇ. ವಿಂಡೋಸ್ ಸರ್ವರ್ 2016ರ ರೆಎಫ್‌ಎಸ್, 2017ರಲ್ಲಿ ಆ್ಯಪಲ್‌ನ ಎಪಿಎಫ್‌ಎಸ್ ಕೂಡ ಕ್ಲೋನ್ ಸೌಲಭ್ಯ ತಂದವು. 2021ರ ಗ್ನೂ ಕೋರ್‌ಯುಟಿಲ್ಸ್ 9.0ರಿಂದ ‘ಸಿಪಿ’ ತಾನಾಗಿಯೇ ಇದನ್ನು ಯತ್ನಿಸುತ್ತದೆ. ಝಡ್‌ಎಫ್‌ಎಸ್‌ಗೆ ಬ್ಲಾಕ್ ಕ್ಲೋನಿಂಗ್ ಬಂದದ್ದು 2023ರಲ್ಲಿ, ಓಪನ್‌ಝಡ್‌ಎಫ್‌ಎಸ್ 2.2ರೊಂದಿಗೆ. ಮಾಹಿತಿ ಕೆಡುತ್ತಿರುವ ವರದಿಗಳು ಬಂದಾಗ ಅದನ್ನು ನಿಲ್ಲಿಸಲಾಯಿತು. ಹುಡುಕಿದಾಗ ಮೂಲದೋಷ ಅದಕ್ಕಿಂತ ಹಳೆಯದೆಂದು ತಿಳಿಯಿತು.

ಸೌಲಭ್ಯಕ್ಕೆ ಬೆಲೆಯೂ ಇದೆ. ಆಗಾಗ ಅಲ್ಲಲ್ಲಿ ತಿದ್ದುವ ಡೇಟಾಬೇಸ್, ವರ್ಚುವಲ್ ಯಂತ್ರಗಳ ಫೈಲುಗಳು ಡಿಸ್ಕಿನಲ್ಲಿ ಚೂರುಚೂರಾಗುತ್ತವೆ. ಅಂಥವಕ್ಕೆ ಕಾಪಿ-ಆನ್-ರೈಟ್ ಬೇಡವೆನ್ನಲು ಬಿಟಿಆರ್‌ಎಫ್‌ಎಸ್‌ನಲ್ಲೇ ಅವಕಾಶವಿದೆ. ಫೈಲಿನ ಗಾತ್ರ ಬೆಳೆಯದಿದ್ದರೂ, ಬರೀ ತಿದ್ದುವಾಗಲೇ ಜಾಗ ಮುಗಿದುಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಂಚಿಕೊಂಡ ಒಂದು ಬ್ಲಾಕು ಕೆಟ್ಟರೆ ಎಲ್ಲ ನಕಲುಗಳೂ ಒಟ್ಟಿಗೇ ಕೆಡುತ್ತವೆ. ತಪ್ಪು ತಿದ್ದುಪಡಿಯಿಂದ ಕ್ಲೋನ್ ಕಾಪಾಡುತ್ತದೆ, ಡಿಸ್ಕು ಕೈಕೊಟ್ಟರೆ ಕಾಪಾಡದು. ಬ್ಯಾಕಪ್ ಬೇರೆ ಡಿಸ್ಕಿನಲ್ಲೇ ಇರಬೇಕು.