ಮರದ ಪ್ಯಾಟರ್ನ್‌ನಿಂದ ಮರಳಿನ ಮುದ್ರಣದವರೆಗೆ

ಕಾರ್ಖಾನೆ ಮುಚ್ಚಿದರೂ ಕಾರು ಉಳಿಯುತ್ತದೆ, ಆದರೆ ಅದರ ಬಿಡಿಭಾಗ ಸಿಗುವುದು ನಿಲ್ಲುತ್ತದೆ. ಹಳೆಯ ಕಾರಿನ ವಾಟರ್ ಪಂಪ್ ಒಡೆದರೆ ಐದೋ ಹತ್ತೋ ಹೊಸದಾಗಿ ಎರಕ ಹೊಯ್ಸಬೇಕು. ಅಷ್ಟಕ್ಕಾಗಿ ಉಕ್ಕಿನ ಡೈ, ಅಂದರೆ ಕಾಯಂ ಅಚ್ಚು, ಮಾಡಿಸಿದರೆ ಗಿಟ್ಟುವುದಿಲ್ಲ. ಹಾಗಾಗಿ ಈ ಕೆಲಸ ಮೊದಲಿನಿಂದಲೂ ಮರಳಿನ ಅಚ್ಚನ್ನೇ ನೆಚ್ಚಿಕೊಂಡಿದೆ.

ಬ್ರಿಟನ್ನಿನಲ್ಲಿ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಹುಟ್ಟಿತು. ಹಳೆಯ ಕಾರುಗಳನ್ನು ಓಡಿಸುತ್ತಲೇ ಇರಬೇಕೆನ್ನುವವರು ಹೆಚ್ಚಿದಂತೆ ಸಣ್ಣ ಫೌಂಡ್ರಿಗಳಿಗೂ ಕೆಲಸ ಬಂತು. ಆ ಕಾಲದ ನಿಜವಾದ ಬಂಡವಾಳ ಪ್ಯಾಟರ್ನ್ ಮೇಕರ್‌ನ ಕೈ; ಮರಳಲ್ಲಿ ಒತ್ತಿ ಅಚ್ಚು ತೆಗೆಯಲು ಬೇಕಾದ ಮರದ ಮಾದರಿಯೇ ಪ್ಯಾಟರ್ನ್. ಒಡೆದ ಭಾಗವನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದರಾಯಿತಲ್ಲ ಎಂದು ಹೊರಗಿನವರಿಗೆ ತೋರುತ್ತದೆ. ಆದರೆ ಅಲ್ಯೂಮಿನಿಯಂ ಆರುವಾಗ ಸುಮಾರು ಶೇ. 1.3ರಷ್ಟು ಕುಗ್ಗುತ್ತದೆ. 300 ಮಿ.ಮೀ. ಉದ್ದದ ಭಾಗ ನಾಲ್ಕು ಮಿ.ಮೀ. ಗಿಡ್ಡವಾದರೆ ಬೋಲ್ಟಿನ ತೂತುಗಳೇ ಕೂಡುವುದಿಲ್ಲ. ಅದಕ್ಕೆಂದೇ ಪ್ಯಾಟರ್ನ್ ಮೇಕರ್ ಕುಗ್ಗುವಿಕೆಯನ್ನು ಸೇರಿಸಿ ಗುರುತು ಹಾಕಿದ ಉದ್ದನೆಯ ಅಳತೆಪಟ್ಟಿಯನ್ನೇ ಬಳಸುತ್ತಾನೆ. ಯಂತ್ರದಲ್ಲಿ ಕಡೆಯಬೇಕಾದ ಕಡೆ ದಪ್ಪ ಬಿಡುತ್ತಾನೆ, ಮರಳು ಕುಸಿಯದೆ ಪ್ಯಾಟರ್ನ್ ಮೇಲೆದ್ದು ಬರಲೆಂದು ಬದಿಗಳಿಗೆ ಇಳಿಜಾರು ಕೊಡುತ್ತಾನೆ.

ಕೆಲವೊಮ್ಮೆ ಅಳೆಯಲು ಮೂಲವೇ ನೆಟ್ಟಗಿರುವುದಿಲ್ಲ. 1920ರ ದಶಕದ ಎಷ್ಟೋ ಸತುವಿನ ಕಾರ್ಬ್ಯುರೇಟರ್‌ಗಳು ಸೀಸದ ಬೆರಕೆಯಿಂದಾಗಿ ತಾವಾಗಿಯೇ ಉಬ್ಬಿ, ಬಿರಿದು ಪುಡಿಯಾಗಿವೆ. 1929ರಲ್ಲಿ ಶುದ್ಧ ಸತುವಿನ ಜಮಾಕ್ ಮಿಶ್ರಲೋಹ ಬಂದ ಮೇಲೆ ಆ ರೋಗ ಹಿಡಿತಕ್ಕೆ ಬಂತು. ಅದಕ್ಕೂ ಮುಂಚಿನ ಭಾಗಗಳನ್ನು ಚೂರುಗಳಿಂದಲೇ ಊಹಿಸಿ ಕಟ್ಟಬೇಕು.

ದೊಡ್ಡ ತಿರುವು ಬಂದದ್ದು ಪ್ಯಾಟರ್ನ್ ಕಂಪ್ಯೂಟರಿಗೆ ಹೋದಾಗ. ಪುಡಿಯ ಮೇಲೆ ಅಂಟು ಸಿಂಪಡಿಸಿ ಪದರ ಪದರವಾಗಿ ಅಚ್ಚು ಕಟ್ಟುವ ವಿಧಾನಕ್ಕೆ ಅಮೆರಿಕದ ಎಂಐಟಿ 1993ರಲ್ಲಿ ಪೇಟೆಂಟ್ ಪಡೆಯಿತು. ಅಮೆರಿಕದ ಟಿವಿ ನಿರೂಪಕ, ಹಳೆಯ ಕಾರುಗಳ ಸಂಗ್ರಾಹಕ ಜೇ ಲೆನೊ ತಮ್ಮ 1907ರ ವೈಟ್ ಸ್ಟೀಮ್ ಕಾರಿನ ಫೀಡ್‌ವಾಟರ್ ಹೀಟರನ್ನು ಸ್ಕ್ಯಾನ್ ಮಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ, ಅದರಿಂದ ಎರಕದ ಅಚ್ಚು ಮಾಡಿಸಿದರು. ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಇನ್ನೂ ಮುಂದೆ ಹೋಯಿತು: 1914ರ ಡೆಲಾಜ್ ರೇಸ್ ಕಾರಿನ ಎಂಜಿನ್ ಬ್ಲಾಕಿಗೆ ಬೇಕಾದ ಮರಳಿನ ಅಚ್ಚನ್ನೇ ನೇರವಾಗಿ ಮುದ್ರಿಸಿತು. ಪ್ಯಾಟರ್ನ್ ಬೇಕಾಗಲೇ ಇಲ್ಲ. ಈ ಕ್ಷೇತ್ರದ ಅತಿ ದೊಡ್ಡ ಜಿಗಿತ ಇದೇ ಎಂದು ನನ್ನ ಎಣಿಕೆ. ಏಕೆಂದರೆ ಒಂದೇ ಒಂದು ಬ್ಲಾಕ್ ಹೊಯ್ಸುವುದೂ ಈಗ ನಿಲುಕುವ ಮಾತಾಯಿತು.

ಪೋರ್ಷೆ ಎರಕವನ್ನೇ ದಾಟಿತು. ಕೇವಲ 292 ತಯಾರಾದ 959 ಕಾರಿನ ಕ್ಲಚ್ ಲಿವರ್ ಮೂಲದಲ್ಲಿ ಬೀಡುಕಬ್ಬಿಣದ್ದು; ಅದನ್ನೀಗ ಉಕ್ಕಿನ ಪುಡಿಯಿಂದ ಲೇಸರ್‌ನಲ್ಲಿ ಕಟ್ಟುತ್ತಾರೆ. ಸುಮಾರು ಮೂರು ಟನ್ ಭಾರ ಹೇರಿ ಪರೀಕ್ಷಿಸಿದ ಮೇಲೆಯೇ ಅದನ್ನು ಒಪ್ಪಿಕೊಂಡರು. ಸಣ್ಣ ಎರಕದಲ್ಲಿ ಹಿಂದೆ ಬಿದ್ದಿರುವುದು ಇಂಥ ಪರೀಕ್ಷೆಯೇ. ಒಳಗೆ ಗಾಳಿಗುಳ್ಳೆ ಉಳಿದ ಸ್ಟೀರಿಂಗ್ ಭಾಗ ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ.

ನಮ್ಮಲ್ಲಿ ಬೆಳಗಾವಿಯ ಫೌಂಡ್ರಿಗಳಿಗೆ ವಾಹನಗಳ ಎರಕ ಹೊಸದಲ್ಲ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು; ಅಂಥ ಕಾರುಗಳಿಗೂ ಮುಂದೆ ಇಂಥ ಎರಕವೇ ಬೇಕಾಗಬಹುದು. ನಿಮ್ಮ ಮನೆಯ ಹಳೆಯ ಕಾರಿನ ಒಡೆದ ಭಾಗವನ್ನು ಗುಜರಿಗೆ ಹಾಕಬೇಡಿ. ಅದನ್ನು ಅಳೆದು, ಸ್ಕ್ಯಾನ್ ಮಾಡಿಸಿ, ಚೂರುಗಳನ್ನೂ ಎತ್ತಿಡಿ.